ಜ್ವರಕ್ಕೆ ಕೂತ ಹುಳು, ಆಚೆ ಕೂತ ಸೊಸೆ

ಹಾಲು ಕಾಯಿಸಿದೆ. ಯಜಮಾನರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದಿಟ್ಟೆ. ರಾತ್ರಿ ನೆನೆಹಾಕಿದ್ದ ಹುರುಳಿಕಾಳನ್ನು ಕುಕ್ಕರಿಗೆ ಹಾಕಿ, ಅದು ಕೂಗುವಷ್ಟರಲ್ಲಿ ಎರಡು ಸೀರೆ ಜಾಲಿಸಿ ಹಿಂಡಿ ಹರವಿದೆ. ನಲ್ಲಿಯಲ್ಲಿ ನೀರು ಬರುವ ದಿನ. ಡ್ರಮ್ಮು, ಕೊಡಗಳು, ಬಚ್ಚಲ ತೊಟ್ಟಿ ಎಲ್ಲ ತುಂಬಿಸಿದೆ. ಪಕ್ಕದ ಮನೆಯವರ ಮೊಸರಿನ ಪಾತ್ರೆ ವಾಪಸ್ ಕೊಟ್ಟೆ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ, ಚನ್ನಪಟ್ಟಣದ ಬಸ್ ನಿಲ್ದಾಣದ ಎದುರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಸುರುಳಿ ಇನ್ಸುಲೇಷನ್ ಟೇಪು ಕೊಂಡೆ. ಹಳೆಯದು ಬಿಸಿಲಿಗೆ ಅಂಟು ಬಿಟ್ಟಿತ್ತು. ಟೇಪನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿರುವಾಗಲೇ ನಮ್ಮ ಇಂಜಿನಿಯರ್ ಫೋನು ಬಂತು. ಅವರು ಕೂರುವುದು ರಾಮನಗರದ ಆಫೀಸಿನಲ್ಲಿ.

“ಮೇಡಂ, ಆ ಬೈರಾಪಟ್ಟಣದ ಕಡೆ ಮನೆ ಇದೆಯಲ್ಲ, ಅಲ್ಲಿ ನಿನ್ನೆ ಸಂಜೆಯಿಂದ ತೇವ ಇಳೀತಾನೇ ಇಲ್ಲ. ಹುಳು ಜ್ವರಕ್ಕೆ ಹೋಗೋ ಟೈಮು. ಸೆನ್ಸರ್ ಮೇಲೆ ಸುಣ್ಣ ಕೂತಿರ್ಬೇಕು. ಹೋಗಿ ಒಂದ್ಸಲ ಒರೆಸಿಬಿಡ್ತೀರಾ?”

“ಮನೆಯವರು ಏನಂದ್ರು?”

“ಅವರು ಫೋನೇ ಮಾಡಿಲ್ಲ ಮೇಡಂ.”

ಅದೇ ನನಗೆ ಸರಿಬರಲಿಲ್ಲ. ಆ ಮನೆಯ ಸೊಸೆ ಯಂತ್ರದಿಂದ ಒಂದು ಹೊಸ ಸದ್ದು ಬಂದರೂ ಫೋನು ಮಾಡುವವಳು.

ನಮ್ಮದು ಸಣ್ಣ ಸಂಸ್ಥೆ. ಸಣ್ಣ ಬೆಳೆಗಾರರ ಕೈಗೆಟುಕುವಂಥ ಉಪಕರಣಗಳನ್ನು ಮಾಡಿ, ಮಾರುವ ಮೊದಲು ಕೆಲವು ಮನೆಗಳಲ್ಲಿ ಇಟ್ಟು ನೋಡುವುದು ಅದರ ಕೆಲಸ. ಇಟ್ಟ ಮನೆಗಳಿಗೆ ಹೋಗಿ ಬರುವುದು ನನ್ನ ಕೆಲಸ. ಆ ಬೇಸಿಗೆಯಲ್ಲಿ ಇಟ್ಟಿದ್ದು ರೇಷ್ಮೆ ಹುಳು ಸಾಕುವ ಮನೆಗಳಿಗಾಗಿ ಮಾಡಿದ ಒಂದು ತಂಪು ಯಂತ್ರ. ಶೀಟು ಹೊದಿಸಿದ ಹುಳದ ಮನೆಗಳು ಬಿಸಿಲಿಗೆ ಕಾದ ಹೆಂಚಿನಂತಾಗುತ್ತವೆ. ದೊಡ್ಡ ಕೂಲರ್ ಓಡಿಸಲು ಹಳ್ಳಿಯ ಕರೆಂಟನ್ನು ನಂಬುವಂತಿಲ್ಲ. ನಮ್ಮದು ಸೋಲಾರ್ ಫಲಕ ಮತ್ತು ಬ್ಯಾಟರಿಯಿಂದ ಓಡುತ್ತದೆ: ಒಂದು ಫ್ಯಾನು, ಒಂದು ಪುಟ್ಟ ಪಂಪು, ನೀರಿಳಿಯುವ ನಾರಿನ ಪದರ, ಜೊತೆಗೆ ತೇವ ಅಳೆಯುವ ಸೆನ್ಸರ್. ಗಾಳಿ ಒಣಗಿದರೆ ತಾನೇ ನೀರು ಬಿಟ್ಟುಕೊಳ್ಳುತ್ತದೆ. ಅದರ ಲೆಕ್ಕ ಆಫೀಸಿನಲ್ಲಿ ಇಂಜಿನಿಯರ್ ಮುಂದಿನ ಸ್ಕ್ರೀನಿಗೂ ಹೋಗುತ್ತದೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ, ಅದರಲ್ಲಿ ಒಂದು ತಿರುಪು. ತಿರುಪಿಗೆ ಮೂರು ಜಾಗ: ತಿನಿ, ಜ್ವರ, ಹಣ್ಣು.

ಹುಳುವಿಗೆ ಜ್ವರ ಅಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮೊದಲು ಅದು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ತಿನ್ನುವಾಗ ತಂಪು, ತೇವ ಬೇಕು. ಜ್ವರಕ್ಕೆ ಕೂತಾಗ ಅದರ ಸೊಪ್ಪಿನ ಹಾಸಿಗೆ ಒಣಗಿರಬೇಕು, ಗಾಳಿ ಮಾತ್ರ ಆಡುತ್ತಿರಬೇಕು. ತೇವ ನಿಂತರೆ ಪೊರೆ ಮೈಗಂಟುತ್ತದೆ, ರೋಗ ಹತ್ತುತ್ತದೆ, ಕಣ್ಣೆದುರೇ ಬೆಳೆ ಹೋಗುತ್ತದೆ. ಆದ್ದರಿಂದ ಹುಳು ಜ್ವರಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಯಾರಾದರೂ ತಿರುಪನ್ನು ‘ತಿನಿ’ಯಿಂದ ‘ಜ್ವರ’ಕ್ಕೆ ತಿರುಗಿಸಬೇಕು. ಆಗ ಪಂಪು ನಿಂತು ಫ್ಯಾನು ಮಾತ್ರ ಓಡುತ್ತದೆ. ಮಕ್ಕಳು ಕೈಯಾಡಿಸಬಾರದೆಂದು ಪೆಟ್ಟಿಗೆಗೆ ಮುಚ್ಚಳ, ಮುಚ್ಚಳಕ್ಕೆ ಬೀಗ. ಮನೆಗೊಬ್ಬ ಹೆಂಗಸಿಗೆ ತರಬೇತಿ ಕೊಟ್ಟು ಕೀಲಿ ಕೊಟ್ಟಿದ್ದೆವು. ಇನ್ನೊಂದು ಕೀಲಿ ಬೆಂಗಳೂರಿನಲ್ಲಿ, ಯಂತ್ರ ಮಾಡಿದವರ ಬಳಿ.

ಕನಕಪುರದ ಕಡೆಯ ಮನೆಯಲ್ಲಿ ಆಗಲೇ ಯಂತ್ರವನ್ನು ಮೂಲೆಗೆ ನೂಕಿದ್ದರು. ಮಾಗಡಿ ಕಡೆ, ಸಾವನದುರ್ಗದ ಬುಡದ ಮನೆಯಲ್ಲಿ ಆಗಾಗ ಲೆಕ್ಕ ತಪ್ಪುತ್ತಿತ್ತು. ನೆಟ್ಟಗೆ ನಡೆಯುತ್ತಿದ್ದದ್ದು ಈ ಮನೆಯೊಂದೇ. ಇಲ್ಲಿನ ಸೊಸೆ ಅತ್ತೆ ಬೇಡವೆಂದರೂ ಹಟ ಹಿಡಿದು ಯಂತ್ರ ಹಾಕಿಸಿಕೊಂಡಿದ್ದಳು. ಮದುವೆಯಾಗಿ ಬಂದ ಮೇಲೆ ಆ ಮನೆಯ ಹುಳುವಿನ ವಿಚಾರದಲ್ಲಿ ನಡೆದ ಅವಳ ಮೊದಲ ಮಾತು ಅದು. ಈ ಬೆಳೆ ಕೆಟ್ಟರೆ ಯಂತ್ರ ಹೊರಗೆ ಹೋಗುತ್ತಿತ್ತು, ಜೊತೆಗೆ ಅವಳ ಮಾತೂ.

ಹುಳದ ಮನೆ ಅವರ ಮನೆಯ ಪಕ್ಕದಲ್ಲೇ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ. ಅತ್ತೆ ಅಲ್ಲೇ ನಿಂತಿದ್ದರು, ಮೊಣಕೈವರೆಗೆ ಸುಣ್ಣ.

“ಬಾರವ್ವ. ಮೈಲಿಗೆ ಗೀಲಿಗೆ ಏನೂ ಇಲ್ವಲ್ಲ?”

“ನಂದೆಲ್ಲ ನಿಂತು ಕಾಲ ಆಯ್ತು ದೊಡ್ಡವ್ವ.”

“ಅಂಗಾರೆ ಚೀಲ ತುಳ್ಕಂಡು ಒಳಿಕ್ ಬಾ. ನಿಮ್ಮ ಮಿಸನ್ನು ನನ್ ಜೊತೆ ಜಗಳಕ್ಕೆ ಬಿದ್ದೈತೆ, ಒಸಿ ನೋಡು.”

ಒಳಗೆ ಹೋದರೆ ಮುಖಕ್ಕೆ ಒದ್ದೆ ಬಟ್ಟೆ ಮುಚ್ಚಿದಂತಾಯಿತು. ಮೂರಂತಸ್ತಿನ ಸ್ಟ್ಯಾಂಡುಗಳ ಮೇಲೆ ಅರ್ಧದಷ್ಟು ಹುಳುಗಳು ತಲೆ ಎತ್ತಲು ಶುರು ಮಾಡಿದ್ದವು. ಇನ್ನರ್ಧ ಇನ್ನೂ ಮೆಲ್ಲುತ್ತಿದ್ದವು. ಅತ್ತೆ ತಮಗೆ ಗೊತ್ತಿದ್ದ ಹಾಗೆ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಿದ್ದರು. ಸುಣ್ಣ ಗಾಳಿಯ ತೇವ ಕುಡಿದಿತ್ತು. ಗಾಳಿ ಒಣಗಿತೆಂದು ಯಂತ್ರ ಇನ್ನಷ್ಟು ನೀರು ಬಿಟ್ಟಿತ್ತು. ಅತ್ತೆ ಮತ್ತಷ್ಟು ಸುಣ್ಣ ಉದುರಿಸಿದ್ದರು. ಯಂತ್ರದ ಬಾಯಿಗೆ ಹತ್ತಿರದ ಹಾಸಿಗೆಗಳಲ್ಲಿ ಸುಣ್ಣ ಕದಡಿದ ಹಿಟ್ಟಿನ ಹಾಗೆ ಆಗಿತ್ತು.

ಸೆನ್ಸರ್ ಒರೆಸಿದೆ. ಅದರಲ್ಲಿ ಏನೂ ತಪ್ಪಿರಲಿಲ್ಲ. ಪೆಟ್ಟಿಗೆಯ ಮುಚ್ಚಳದ ಗಾಜಿನಲ್ಲಿ ನೋಡಿದರೆ ತಿರುಪು ಇನ್ನೂ ‘ತಿನಿ’ಯಲ್ಲೇ ಇತ್ತು.

“ಸೊಸೆ ಎಲ್ಲಿ ದೊಡ್ಡವ್ವ? ಕೀಲಿ ಅವಳ ಹತ್ರ ತಾನೆ?”

“ಆಚೆ ಕೂತವ್ಳೆ.”

ಅಷ್ಟೇ ಅಂದು ಅವರು ಸುಣ್ಣದ ಜರಡಿ ಎತ್ತಿಕೊಂಡರು. ನನಗೆ ಇನ್ನೇನೂ ಕೇಳಬೇಕಿರಲಿಲ್ಲ. ಹೊರಗಾದ ಹೆಂಗಸು ಹುಳದ ಮನೆ ಹೊಗುವುದಿಲ್ಲ. ಅವಳು ಮುಟ್ಟಿದ್ದನ್ನು ಒಳಗೆ ತರುವುದಿಲ್ಲ. ಈ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಆ ಕಟ್ಟು ಸಡಿಲಾಗಿದೆ, ಹುಳದ ಮನೆಗೆ ಆಗಿಲ್ಲ. ತರಬೇತಿಯ ದಿನ ಇಂಜಿನಿಯರ್ ಮೈಕು ಹಿಡಿದು “ದಿನಾ ಯಾರು ನೋಡ್ಕೋತೀರಿ?” ಎಂದಾಗ ಹೆಂಗಸರೆಲ್ಲ ಕೈ ಎತ್ತಿದ್ದರು. ದಿನಾ ಅಂದರೆ ತಿಂಗಳಲ್ಲಿ ಮೂರು ದಿನ ಬಿಟ್ಟು ಎಂದು ಮೈಕಿನ ಮುಂದೆ ಯಾರು ಹೇಳುತ್ತಾರೆ.

ಸೊಸೆ ಹಿತ್ತಲ ಸೌದೆ ಕೊಟ್ಟಿಗೆಯ ನೆರಳಲ್ಲಿ ಚಾಪೆಯ ಮೇಲಿದ್ದಳು. ಪಕ್ಕದಲ್ಲಿ ತಟ್ಟೆ, ಚೊಂಬು. ನನ್ನನ್ನು ಕಂಡವಳೇ ಎದ್ದು ನಿಂತಳು. ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.

“ಅಕ್ಕ, ಹುಳ ಎಂಗವೆ?”

“ಅರ್ಧ ತಲೆ ಎತ್ತವೆ. ನೀನ್ಯಾಕೆ ಫೋನ್ ಮಾಡ್ಲಿಲ್ಲ ಕಣೆ?”

“ಏನಾದ್ರೂ ಆದ್ರೆ ಇಂಜಿನಿಯರ್ ಸಾರ್‌ಗೇ ಮಾಡಿ ಅಂತ ನೀವೇ ನಂಬರ್ ಕೊಟ್ರಲ್ಲಕ್ಕ. ಅವ್ರಿಗೆ ಏನಂತ ಹೇಳ್ಲಿ?”

“ನಿನ್ನ ಗಂಡ?”

“ಬಿಡದಿ ಫ್ಯಾಕ್ಟ್ರೀಲಿ ಡಬಲ್ ಶಿಫ್ಟು. ಫೋನು ಲಾಕರ್‌ನಲ್ಲಿ ಇಡ್ಸ್ಕತಾರೆ. ನಿನ್ನೆ ರಾತ್ರಿನೂ ಬಂದಿಲ್ಲ.” ಅವಳು ಹುಳದ ಮನೆಯ ಕಡೆ ಕೈ ತೋರಿಸಿದಳು. “ನಾನು ಇಲ್ಲಿಂದ್ಲೇ ಕೂಗ್ದೆ ಅಕ್ಕ. ಕೀಲಿ ನೆಲಕ್ಕೆ ಹಾಕ್ತೀನಿ, ನೀರಾಕಿ ತಗಳಿ ಅಂತ. ಅತ್ತೆ ಮುಟ್ಟಾಕಿಲ್ಲ ಅಂತು.”

ಹಿಂದೆಯೇ ಅತ್ತೆ ಬಂದಿದ್ದರು. ಅಷ್ಟು ದೂರದಲ್ಲೇ ನಿಂತು, “ಊಂ ಕಣವ್ವ, ಮುಟ್ಟಾಕಿಲ್ಲ,” ಅಂದರು. “ಬೀಗದ ಕೈ ತೊಳುದ್ರೆ ಸುದ್ಧ ಆಯ್ತದೆ, ನಂಗೂ ಗೊತ್ತು. ಅದನ್ನ ಒಳಿಕ್ ತಕ್ಕೊಂಡೋದೆ ಅಂತ ಇಟ್ಕೊ. ನಾಳಿಕ್ಕೆ ಹುಳ ಕೆಟ್ಟೋದ್ರೆ ಊರೋರು ಏನಂದಾರು? ಸೊಸೆ ಮುಟ್ಟಾಗಿ ಕೀಲಿ ಕೊಟ್ಲು, ಬೆಳೆ ಹೋಯ್ತು ಅಂತಾರೆ. ಸಾಯೋಗಂಟ ಅಂತಾರೆ. ಹುಳ ಹೋದ್ರೆ ಇನ್ನೊಂದ್ ದಪ ಸಾಕ್ಬೋದು. ಆ ಮಾತು ಇವಳ ತಲೆ ಮೇಲೆ ಕೂತ್ರೆ ಇಳ್ಸಾಕಾಯ್ತದಾ?”

ಸೊಸೆ ನೆಲ ನೋಡಿದಳು. ಅತ್ತೆಯ ಈ ಮಾತು ಅವಳಿಗೂ ಹೊಸದೆಂದು ಕಾಣುತ್ತದೆ.

ಬಿಸಿಲು ಏರುತ್ತಿತ್ತು. ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ಒಂದೊಂದಾಗಿ ಯೋಚಿಸಿದೆ. ಬ್ಯಾಟರಿಯ ವೈರು ಕಿತ್ತುಬಿಟ್ಟರೆ ನೀರು ನಿಲ್ಲುತ್ತದೆ, ಫ್ಯಾನೂ ನಿಲ್ಲುತ್ತದೆ. ಆ ಶೀಟಿನ ಕೆಳಗೆ ಗಾಳಿಯಿಲ್ಲದೆ ಮಧ್ಯಾಹ್ನ ಕಳೆಯುವುದು ಹುಳುವಿನಿಂದಾಗದು. ಮುಚ್ಚಳ ಒಡೆದು ನಾನೇ ತಿರುಪಬಹುದು. ಆದರೆ ಹುಳು ಜ್ವರದಿಂದ ಏಳುವ ಹೊತ್ತಿಗೆ ಮತ್ತೆ ‘ತಿನಿ’ಗೆ ತಿರುಪಬೇಕು, ಅದು ಯಾವ ಹೊತ್ತೆಂದು ಹುಳುವೇ ಹೇಳಬೇಕು. ಅಷ್ಟು ಹೊತ್ತಿಗೆ ನಾನಿರುವುದಿಲ್ಲ, ಸೊಸೆ ಒಳಗೆ ಬರುವಂತಿಲ್ಲ.

“ದೊಡ್ಡವ್ವ, ಮುಚ್ಚಳ ತೆಗೆದುಕೊಟ್ರೆ ನೀವು ತಿರುಗಿಸ್ತೀರಾ?”

“ನಾನಾ? ನಮ್ಮಣ್ಣ ಬೋರ್ ಮೋಟ್ರು ಸ್ಟಾರ್ಟರ್ ಮುಟ್ಟಿ ಎಗರಿ ಬಿದ್ದುದ್ದ ಈ ಕಣ್ಣಲ್ಲೇ ನೋಡಿವ್ನಿ. ಇವತ್ಗೂ ಅವನ ಎಡಗೈ ನೆಟ್ಟಗಿಲ್ಲ. ನಾನ್ ಮುಟ್ಟಾಕಿಲ್ಲ ತಾಯಿ.”

ಒಳಗೆ ಹೋಗಬಲ್ಲವರು ತಿರುಪು ಮುಟ್ಟುವುದಿಲ್ಲ. ತಿರುಪು ಮುಟ್ಟಬಲ್ಲವಳು ಒಳಗೆ ಹೋಗುವುದಿಲ್ಲ. ಇಬ್ಬರನ್ನೂ ಬದಲಾಯಿಸಲು ಆ ಮಧ್ಯಾಹ್ನ ಸಾಲದು. ಬದಲಾಯಿಸಬಹುದಾಗಿದ್ದದ್ದು ಪೆಟ್ಟಿಗೆಯ ಜಾಗ ಒಂದೇ.

ಇಂಜಿನಿಯರಿಗೆ ಫೋನು ಮಾಡಿ, “ಪೆಟ್ಟಿಗೆ ಬಿಚ್ಚಿ ಹೊರಗೆ ಅಂಗಳಕ್ಕೆ ತರ್ತೀನಿ. ವೈರ್ ಕತ್ತರಿಸಿ ಉದ್ದ ಮಾಡ್ಬೇಕು,” ಅಂದೆ.

“ಬೇಡ ಮೇಡಂ. ಪೆಟ್ಟಿಗೆ ಸೀಲ್ ಒಡೆದ್ರೆ ಈ ಬೆಳೆ ಪ್ರಯೋಗದ ಲೆಕ್ಕಕ್ಕೇ ಬರಲ್ಲ. ನಮಗೆ ಉಳಿದಿರೋದು ಇದೊಂದೇ ಮನೆ. ಇದೂ ಹೋದ್ರೆ ಪ್ರಯೋಗಾನೇ ನಿಲ್ಲಿಸ್ತಾರೆ. ಯಾಕೆ ಹೊರಗೆ? ಏನಾಗಿದೆ?”

ನಾನು ಸುತ್ತಿಬಳಸದೆ ಹೇಳಿದೆ. “ಓ... ಸರಿ ಮೇಡಂ. ಅದು... ಆದ್ರೆ ಸೀಲು...” ಅಂದರು.

“ನೋಡಿ, ನಿಮ್ಮ ಲೆಕ್ಕ ಮುಂದಿನ ಬೆಳೆಗೆ ಸಿಗುತ್ತೆ. ಇವಳಿಗೆ ಈ ಬೆಳೆ ಬಿಟ್ರೆ ಮುಂದಿನದಿಲ್ಲ. ನಾನು ಕತ್ತರಿಸ್ತೀನಿ. ಬರೆಯೋವಾಗ ನನ್ನ ಹೆಸರೇ ಬರೀರಿ.”

ಫೋನಿಟ್ಟು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ.

ಮೊದಲು ವೈರು ಬೇಕು. ಪೆಟ್ಟಿಗೆಯಿಂದ ಯಂತ್ರಕ್ಕೆ ಹೋಗುವುದು ನಾಲ್ಕೆಳೆ. ಸೊಸೆ ಕೊಟ್ಟಿಗೆಯಿಂದಲೇ, “ಅಟ್ಟದ ಮೇಲೆ ಹಳೇ ಬೋರ್ ಮೋಟ್ರು ಕೇಬಲ್ ಐತೆ ಅಕ್ಕ,” ಎಂದು ಕೂಗಿದಳು. ಅದು ಮೂರೆಳೆಯದು. ನಾಲ್ಕನೆಯದಕ್ಕೆ ಅವಳ ಮದುವೆಯಲ್ಲಿ ಚಪ್ಪರಕ್ಕೆ ಕಟ್ಟಿದ್ದ ಸೀರಿಯಲ್ ಲೈಟಿನ ಸರ ಸಿಕ್ಕಿತು. ಬಲ್ಬುಗಳನ್ನು ಕತ್ತರಿಸಿ ವೈರು ತೆಗೆದೆ. ಎಲ್ಲಿಂದ ಹೊರಗೆ ತರುವುದು? ಕಿಟಕಿಗಳಿಗೆಲ್ಲ ಊಜಿ ನೊಣ ಬರದಂತೆ ಬಲೆ ಬಿಗಿದಿದೆ. ಒಂದು ನೊಣ ನುಗ್ಗಿ ಹುಳುವಿನ ಮೇಲೆ ಮೊಟ್ಟೆಯಿಟ್ಟರೂ ಸಾಕು, ಹರಡಿಬಿಡುತ್ತದೆ. ಬಲೆ ಹರಿಯುವಂತಿಲ್ಲ. ನೀರಿನ ಪೈಪು ಬರುವ ತೂತಿನ ಪಕ್ಕದಲ್ಲಿ ಜಾಗ ಕಂಡಿತು. ಅಲ್ಲಿ ತೂರಿಸಿ ಸುತ್ತ ಹತ್ತಿ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿದೆ.

ಪೆಟ್ಟಿಗೆ ಎಲ್ಲಿ ಕೂರಬೇಕೆಂಬುದನ್ನು ಅತ್ತೆಯೇ ತೀರ್ಮಾನ ಮಾಡಿದರು. ಹುಳದ ಮನೆಯ ಹೊರಗೋಡೆ ಬೇಡ, ಗೋಡೆ ಹುಳದ ಮನೆಯದೇ. ಮನೆ ಜಗುಲಿಯೂ ಬೇಡ. ಅಂಗಳದಲ್ಲಿ ಹಸು ಕಟ್ಟುವ ಕಲ್ಲುಕಂಬ ಆಗಬಹುದು.

“ಅದು ಯಾರ್ದೂ ಅಲ್ಲ,” ಅಂದರು. ಆಮೇಲೆ ವೈರನ್ನೇ ನೋಡುತ್ತ, “ಅಲ್ಲ ಕಣವ್ವ, ಇವಳು ಆ ತುದಿ ಮುಟ್ಟುದ್ರೆ ಈ ತುದಿಗೆ ಮೈಲಿಗೆ ಹರ್ಕೊಂಡು ಬರಾಕಿಲ್ವಾ?” ಎಂದು ಕೇಳಿದರು.

“ನಿಮ್ಮ ಮನೆ ಲೈಟಿಗೆ ಕರೆಂಟು ಎಲ್ಲಿಂದ ಬರುತ್ತೆ ದೊಡ್ಡವ್ವ? ದಾರಿಲಿ ಯಾರ್ಯಾರು ಮುಟ್ಟಿರ್ತಾರೋ ಕೇಳಿದೀರಾ?”

ಅವರು ಕತ್ತೆತ್ತಿ ಬೀದಿಯ ಲೈಟುಕಂಬ ನೋಡಿದರು. “ಅದೂ ದಿಟವೆ. ಕಟ್ಟು, ಬೇಗ ಕಟ್ಟು.”

ವೈರು ಕತ್ತರಿಸಿದ ಕೂಡಲೇ ಫ್ಯಾನು ನಿಂತಿತು. ಅಲ್ಲಿಯವರೆಗೆ ಆ ಸದ್ದು ಇತ್ತೆಂಬುದೇ ಮರೆತಿತ್ತು. ಈಗ ಹುಳು ಸೊಪ್ಪು ಮೆಲ್ಲುವ ಸದ್ದು ಕೇಳುತ್ತಿತ್ತು, ಅದೂ ಕಡಿಮೆಯಾಗುತ್ತಿತ್ತು; ಒಂದೊಂದೇ ತಲೆ ಎತ್ತುತ್ತಿದ್ದವು. ಶೀಟಿನಿಂದ ಕಾವು ಇಳಿಯುತ್ತಿತ್ತು. ಅತ್ತೆ ಮೊರ ಹಿಡಿದು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಬೀಸುತ್ತ ನಡೆದರು. ನಾನು ಎಳೆಗಳನ್ನು ಹಲ್ಲಿನಲ್ಲಿ ಸುಲಿದು ಹೆಣೆದು ಹೊಸ ಟೇಪು ಸುತ್ತಿದೆ. ಹೊರಗೆ ಪೆಟ್ಟಿಗೆಯನ್ನು ಕಲ್ಲುಕಂಬಕ್ಕೆ ಗೊಬ್ಬರದ ಚೀಲದ ದಾರದಿಂದ ಬಿಗಿದೆ. ಸೊಸೆ ಕಂಬದ ಹತ್ತಿರ ಬಂದಳು, ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದಳು.

ಅತ್ತೆ ಬಾಗಿಲಿಂದ ಕೂಗಿದರು. “ಮುಕ್ಕಾಲು ಪಾಲು ಕೂತವೆ ಕಣೇ. ತಿರುಗ್ಸು.”

ಅವಳು ‘ಜ್ವರ’ಕ್ಕೆ ತಿರುಗಿಸಿದಳು.

ಫ್ಯಾನು ಓಡಲಿಲ್ಲ. ಪಂಪು ಓಡಿತು. ನಾರಿನ ಪದರ ತುಂಬಿ ತಟ್ಟೆ ಮೀರಿ ನೀರು ಚೆಲ್ಲಿತು, ಯಂತ್ರದ ಬಾಯಿಗೆ ನೇರವಾಗಿದ್ದ ಕೆಳಗಿನ ಅಂತಸ್ತಿನ ಹಾಸಿಗೆಯ ಮೇಲೆ.

“ನಿಲ್ಸೇ, ನಿಲ್ಸೇ,” ಎಂದು ಒಳಗಿನಿಂದ ಅತ್ತೆ. ಸೊಸೆ ತಿರುಪನ್ನು ಎತ್ತೆತ್ತಲೋ ತಿರುಗಿಸಿದಳು. ನಾನು ಓಡಿಹೋಗಿ ಬ್ಯಾಟರಿಯ ಕೊಂಡಿ ಕಿತ್ತೆ.

ಬೋರ್ ಕೇಬಲ್ಲಿನ ಬಣ್ಣಗಳು ಮಣ್ಣು ಹಿಡಿದು ಒಂದೇ ಆಗಿದ್ದವು, ನನಗೆ ಯಾವುದು ಯಾವುದೆಂದು ತಿಳಿಯದೆ ಹೋಗಿತ್ತು. ಅತ್ತೆ ಒಂದು ಗೋಣಿ ತಂದು ನೆಲದ ಮೇಲೆ ಹರಿದ ನೀರು ಒರೆಸತೊಡಗಿದರು. ಬೈದಿದ್ದರೆ ವಾಸಿಯಾಗಿತ್ತು. ಸೊಸೆ ಕಂಬ ಹಿಡಿದುಕೊಂಡು ನಿಂತಿದ್ದಳು.

ಆಗ ಫೋನು ಬಂತು, ವಿಡಿಯೋ ಕಾಲ್. ಇಂಜಿನಿಯರ್.

“ಮೇಡಂ, ಇಲ್ಲಿ ಸ್ಕ್ರೀನಲ್ಲಿ ಎಲ್ಲ ಆಫ್ ತೋರಿಸ್ತಿದೆ. ಫೋನನ್ನ ಜೋಡಿಸಿರೋ ಕಡೆ ಹಿಡೀರಿ. ಬ್ಯಾಟರಿ ತೆಗೆದಿದೀರಲ್ಲ? ಸರಿ. ಮಿಷಿನ್ ಕಡೆಯಿಂದ ಬರೋ ಹಳದಿ ಎಳೆ ಬಿಚ್ಚಿ. ಅದರ ಪಕ್ಕದ್ದೂ ಬಿಚ್ಚಿ. ಎರಡನ್ನೂ ಅದಲು ಬದಲು ಮಾಡಿ. ಟೇಪ್ ಸುತ್ತೋಕೆ ಮೊದಲು ನನಗೆ ತೋರಿಸಿ.”

ಸೀಲಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೇ ಸಲ ಸೊಸೆ ತಿರುಗಿಸಿದಾಗ ಫ್ಯಾನು ಮೆಲ್ಲಗೆ ಗುಂಯ್ ಅಂದಿತು. ಪಂಪು ಸುಮ್ಮನಿತ್ತು. ನಾವು ಮೂವರೂ ನಮ್ಮ ನಮ್ಮ ಜಾಗದಲ್ಲಿ ನಿಂತು ಆ ಸದ್ದು ಕೇಳಿದೆವು.

ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು. ಕೆಳಗಿನ ಅಂತಸ್ತು ತೊಯ್ದಿದ್ದರೂ ಎತ್ತಿ ಒರೆಸುವಂತಿಲ್ಲ. ಅತ್ತೆ ಅಂಚಿಗೆಲ್ಲ ಒಣ ಸುಣ್ಣ, ಭತ್ತದ ಹೊಟ್ಟಿನ ಬೂದಿ ಉದುರಿಸಿ ಕೈ ಬಿಟ್ಟರು. ಇನ್ನು ಕಾಯುವುದು. ಕಾಯುವ ಕೆಲಸಕ್ಕೆ ಅಲ್ಲಿ ನಾನು ಬೇಕಿರಲಿಲ್ಲ, ಆದರೂ ಸಂಜೆಯವರೆಗೆ ಕೂತಿದ್ದೆ. ಒಳಗಿನ ಗಾಳಿ ಕೈಗೆ ಹಗುರಾಗುತ್ತ ಬಂದದ್ದು ಗೊತ್ತಾಗುತ್ತಿತ್ತು. ಮುಸ್ಸಂಜೆಗೆ ಮನೆಗೆ ಹೊರಡುವಾಗ ಅತ್ತೆ, “ನಾಳೆ ಏಳ್ತವೋ ಇಲ್ವೋ ನೋಡಾನ,” ಅಂದರು.

ಆ ಸಂಜೆ ಮನೆಗೆ ಬಂದು ಕನಕಪುರದ ಕಡೆಯ ಹೆಂಗಸಿಗೆ ಫೋನು ಮಾಡಿದೆ. ಯಂತ್ರ ಮೂಲೆಗೆ ನೂಕಿದ್ದು ಯಾಕೆಂದು ಹಿಂದೆ ಕೇಳಿದಾಗ “ಸರಿಬರಲಿಲ್ಲ” ಎಂದಷ್ಟೇ ಅಂದಿದ್ದಳು. ಈಗ ನೇರವಾಗಿ ಕೇಳಿದೆ. ಅವಳು ನಗಲು ಶುರು ಮಾಡಿದಳು.

“ಈಗ ಗೊತ್ತಾಯ್ತಾ ಅಕ್ಕ? ಆ ಇಂಜಿನಿಯರ್ ಸಾರು ಪ್ರತಿ ತಿಂಗಳೂ ಫೋನ್ ಮಾಡಿ, ಮೂರ್ ದಿನ ಮಿಷಿನ್ ಯಾಕೆ ತಿರುಗ್ಸಿಲ್ಲ, ಮೂರ್ ದಿನ ಯಾಕೆ ತಿರುಗ್ಸಿಲ್ಲ ಅಂತ ಕೇಳೋರು. ನಿಮ್ಮ ಮಿಷಿನ್ನು ಹುಳ ಸಾಕಾಕೆ ಬಂದೈತೋ, ನಮ್ಮ ತಿಂಗಳ ಲೆಕ್ಕ ಇಡಾಕೆ ಬಂದೈತೋ?”

ಫೋನಿಟ್ಟ ಮೇಲೆ ನನಗೆ ಒಂದು ಹಾಳೆ ನೆನಪಾಯಿತು. ರಾಮನಗರದ ಆಫೀಸಿನ ಗೋಡೆಯ ಮೇಲೆ ಯಂತ್ರವನ್ನು ಯಾವ ಯಾವ ದಿನ ತಿರುಗಿಸಿದ್ದಾರೆಂಬ ಮನೆವಾರು ಗ್ರಾಫು ತೂಗುಹಾಕಿದ್ದರು. ನೋಡಲು ಬಂದವರಿಗೆಲ್ಲ ಅದನ್ನು ತೋರಿಸಿ, ತಿಂಗಳಿಗೆ ಮೂರು ದಿನದ ಈ ಖಾಲಿ ಜಾಗಗಳು ಸೆನ್ಸರ್ ದೋಷ ಎಂದು ವಿವರಿಸುತ್ತಿದ್ದರು. ಇನ್ನೂ ಆಫೀಸಿನಲ್ಲೇ ಇದ್ದ ಇಂಜಿನಿಯರಿಗೆ ಫೋನು ಮಾಡಿ, “ಆ ಹಾಳೆ ಗೋಡೆಯಿಂದ ತೆಗೀರಿ,” ಅಂದೆ.

“ಯಾಕೆ ಮೇಡಂ?” ಅಂದವರು, ತಾವೇ ನಿಲ್ಲಿಸಿದರು. “ಅಯ್ಯೋ. ತೆಗೆದೆ ಮೇಡಂ. ಈಗಲೇ ತೆಗೆದೆ.”

ಮರುದಿನ ಬೆಳಗ್ಗೆ ಅವರ ಅಂಗಳಕ್ಕೆ ಹೋದಾಗ ಸೊಸೆ ಕಲ್ಲುಕಂಬದ ಬುಡದಲ್ಲೇ ಚಾಪೆ ಹಾಕಿಕೊಂಡಿದ್ದಳು. ಅತ್ತೆ ಒಳಗೆ. ಇಬ್ಬರೂ ಬೇಲಿಯಾಚೆಯವರ ಹಾಗೆ ಕೂಗಾಡಿಕೊಂಡೇ ಮಾತಾಡುತ್ತಿದ್ದರು.

“ಎದ್ವಾ?”

“ಅಲ್ಲೊಂದು ಇಲ್ಲೊಂದು ಪೊರೆ ಬುಟ್ಟವೆ. ತಡ್ಕೋ.”

“ಮೂತಿ ಕೆಂಪಗಾಗವಾ?”

“ನಂಗೆ ಹೇಳ್ಕೊಡ್ತೀಯೇನೇ? ನೀನ್ ಹುಟ್ಟಾಕೂ ಮೊದ್ಲಿಂದ ಹುಳ ಸಾಕಿವ್ನಿ.”

“ಅಂಗಾರೆ ತಿರುಪೂ ನೀವೇ ತಿರುಗ್ಸಿ.”

“ನೋಡವ್ವ ಇವಳ ಬಾಯ,” ಎಂದು ಅತ್ತೆ ನನಗೆ ದೂರು ಕೊಟ್ಟರು. ಆದರೆ ಆ ದನಿಯಲ್ಲಿ ನಿನ್ನೆಯ ಬಿಗಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಎರಡಂತಸ್ತು ಎದ್ದವು. ಪೊರೆ ಬಿಟ್ಟ ಹುಳು ಸಡಿಲ ಚರ್ಮದಲ್ಲಿ ಬಡಕಲಾಗಿ ಕಾಣುತ್ತದೆ. ತಲೆ ದೊಡ್ಡದು, ಹಸಿವು ಅದಕ್ಕಿಂತ ದೊಡ್ಡದು. ಕೆಳಗಿನ ಅಂತಸ್ತಿನಲ್ಲಿ, ನೀರು ಬಿದ್ದಿದ್ದ ಜಾಗದಲ್ಲಿ, ಅರೆಬರೆ ಎದ್ದವು. ಉಳಿದವು ಪೊರೆ ಬಾಲಕ್ಕೆ ಅಂಟಿಸಿಕೊಂಡು ಹಾಗೇ ಮಲಗಿದ್ದವು. ಅತ್ತೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಅವನ್ನು ಒಂದೊಂದಾಗಿ ಆರಿಸಿ, ಸುಣ್ಣದ ನೀರಿನ ಬಕೆಟ್ಟಿಗೆ ಹಾಕಿದರು. ಬಕೆಟ್ಟು ಹಗುರಾಗಿರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಆರಿಸಿದೆ. ಯಾರೂ ಲೆಕ್ಕ ಹಾಕಲಿಲ್ಲ.

ಕೊನೆಗೆ ಅತ್ತೆ ಬಾಗಿಲಿಗೆ ಬಂದು, “ಎದ್ದವೆ. ಸೊಪ್ಪಾಕ್ತೀನಿ. ತಿನಿಗೆ ತಿರುಗ್ಸು,” ಎಂದು ಕೂಗಿದರು. ಸೊಸೆ ತಿರುಗಿಸಿದಳು. ಒಳಗೆ ಪಂಪು ಮೆಲ್ಲಗೆ ನೀರೆತ್ತಿತು. ಹೊಸ ಸೊಪ್ಪಿನ ಮೇಲೆ ಹುಳು ಹತ್ತಿದ ಮೇಲೆ ಬರುವ, ಸಣ್ಣ ಮಳೆ ಹಿಡಿದಂಥ ಆ ಸದ್ದು ಅಂಗಳದವರೆಗೆ ಕೇಳುತ್ತಿತ್ತು. ಸೊಸೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳಿದಳು.

ಆ ಬೆಳೆ ನಮ್ಮ ಲೆಕ್ಕಕ್ಕೆ ಬರಲಿಲ್ಲ. ಸೀಲು ಒಡೆದ ಕಾರಣಕ್ಕೆ ಆಫೀಸಿನಿಂದ ನನಗೊಂದು ಕಾಗದವೂ ಬಂತು, ಉತ್ತರ ಬರೆದೆ. ಉತ್ತರದ ಜೊತೆ ಇಂಜಿನಿಯರ್ ತಮ್ಮ ಕಡೆಯಿಂದಲೂ ಒಂದು ಪುಟ ಸೇರಿಸಿದ್ದರು, ಏನು ಬರೆದಿದ್ದರೆಂದು ನಾನು ಕೇಳಲಿಲ್ಲ. ಪ್ರಯೋಗ ನಿಲ್ಲಲಿಲ್ಲ. ಮುಂದಿನ ಯಂತ್ರಗಳ ಪೆಟ್ಟಿಗೆಗೆ ಅಂಗಳ ಮುಟ್ಟುವಷ್ಟು ಉದ್ದದ ವೈರು ಬಂತು, ಬೀಗ ಹೋಯಿತು, ಫೋನು ಮಾಡಬೇಕಾದ ನಂಬರು ನನ್ನದಾಯಿತು. ಒಬ್ಬಳ ಬದಲು ಮನೆಗಿಬ್ಬರಿಗೆ ತರಬೇತಿ ಎಂದಾಯಿತು. ಹೆಂಗಸನ್ನು ಆಚೆ ಕೂರಿಸುವ ಪದ್ಧತಿಗೆ ನಾವು ವೈರು ಎಳೆದುಕೊಟ್ಟ ಹಾಗಾಯಿತಲ್ಲ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೇಳಬೇಕಾದ ಮಾತೇ. ಆಚೆ ಕೂತವಳ ಕೈಯಿಂದ ಹುಳದ ಮನೆ ನಡೆದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಹುಳು ಹಣ್ಣಾದ ದಿನ ಮತ್ತೆ ಹೋದೆ. ಸೊಸೆ ಆಗ ಒಳಗಿದ್ದಳು, ಮುಟ್ಟು ಕಳೆದು ಸ್ನಾನವಾಗಿ ಎಷ್ಟೋ ದಿನವಾಗಿತ್ತು. ಹಣ್ಣಾದ ಹುಳು ಮೈ ಹೊಳೆದು, ತಲೆಯಾಡಿಸುತ್ತ ಎಳೆ ಬಿಡಲು ಜಾಗ ಹುಡುಕುತ್ತದೆ. ತಡಮಾಡಿದರೆ ಸೊಪ್ಪಿನಲ್ಲೇ ಗೂಡು ಕಟ್ಟಿ ಹಾಳು ಮಾಡಿಕೊಳ್ಳುತ್ತದೆ. ರಜೆ ಹಾಕಿ ಬಂದಿದ್ದ ಗಂಡ, ಕೂಲಿಗೆ ಬಂದ ಹೆಂಗಸರು, ನಾನು, ಎಲ್ಲರೂ ಹುಳು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಬಿಡುತ್ತಿದ್ದೆವು. ಸೊಸೆಯ ಎರಡೂ ಕೈ ತುಂಬ ಹುಳು.

“ಅತ್ತೆ,” ಎಂದು ಅವಳು ಅಲ್ಲಿಂದಲೇ ಕೂಗಿದಳು, “ಮಿಸನ್ನು ಹಣ್ಣಿಗೆ ತಿರುಗಿಸ್ಬೇಕು. ನಂಗೆ ಕೈ ಬಿಡುವಿಲ್ಲ.”

ಅತ್ತೆ ಅಂಗಳದಲ್ಲಿ ಚಂದ್ರಿಕೆ ಜೋಡಿಸುತ್ತಿದ್ದರು. ಪೆಟ್ಟಿಗೆ ಬೀಗವಿಲ್ಲದೆ ಕಲ್ಲುಕಂಬದ ಮೇಲೇ ಇತ್ತು. ಸೊಸೆ ಒಳಗೆ ಬಂದ ಮೇಲೂ ಅದನ್ನು ಯಾರೂ ಒಳಗೆ ತಂದಿರಲಿಲ್ಲ. ಅವರು ಸುತ್ತ ನೋಡಿದರು. ಗಂಡಸರು ಯಾರೂ ಹತ್ತಿರವಿರಲಿಲ್ಲ. ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡರು, ಮುಖ ಆಚೆ ತಿರುಗಿಸಿದರು, ಕಣ್ಣು ಬಿಗಿ ಮುಚ್ಚಿ ತಿರುಪನ್ನು ಒಂದೇ ಏಟಿಗೆ ತಿರುವಿದರು. ಒಳಗೆ ಪಂಪು ನಿಂತು, ಫ್ಯಾನು ಜೋರಾಗಿ ಹಸಿಗಾಳಿಯನ್ನು ಹೊರಗೆ ಹಾಕತೊಡಗಿತು.

ಖಾಲಿ ಚಂದ್ರಿಕೆ ಒಯ್ಯಲು ಅಂಗಳಕ್ಕೆ ಬಂದಿದ್ದ ನಾನು, “ಕರೆಂಟು ಹೊಡೀಲಿಲ್ವಲ್ಲ ದೊಡ್ಡವ್ವ?” ಅಂದೆ.

“ಸುಮ್ನಿರವ್ವ, ಅವಳಿಗೆ ಹೇಳ್ಬೇಡ. ದಿನಾ ನಂಗೇ ತಿರುಗ್ಸು ಅಂತಾಳೆ.”

ಆ ಸಂಜೆ ಅವರ ಮನೆಯಲ್ಲೇ ಉಂಡೆವು. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು, ಬಸಿದ ಸೊಪ್ಪಿನ ಪಲ್ಯ, ಮಜ್ಜಿಗೆ. ಕೂಲಿಯವರಿಗೆ ಮೊದಲು ಬಡಿಸಿದರು, ಆಮೇಲೆ ಗಂಡಸರಿಗೆ, ಕೊನೆಗೆ ನಾವು ಮೂವರು ಅಂಗಳದಲ್ಲೇ ಕೂತೆವು. ಸೊಸೆ ಎರಡನೇ ಮುದ್ದೆ ಹಾಕಿಸಿಕೊಂಡಳು. ಅತ್ತೆ ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದಿದ್ದಂತೆಯೇ ಕಲ್ಲುಕಂಬಕ್ಕೆ ಒರಗಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.